ಕುಲುಮೆ ಮನೆಯ ಕೆಂಪು ಮಾತ್ರೆ

ನಮ್ಮ ಮನೆಯಲ್ಲಿ ನಗುವಂಥದ್ದು ಏನಾದರೂ ನಡೆದರೆ ಅದು ಯಾರಾದರೂ ಹೆದರಿಕೊಂಡಿದ್ದಾಗಲೇ ನಡೆಯುತ್ತದೆ. ಹೆದರುವವರಿಗೆ ಬರಗಾಲವಿಲ್ಲದ ಮನೆ, ಹಾಗಾಗಿ ನಗುವಿಗೂ ಬರಗಾಲವಿಲ್ಲ. ನಾನು ಬಸುರಿಯಾದ ವರ್ಷವಂತೂ ಎರಡೂ ಕೈಕೈ ಹಿಡಿದುಕೊಂಡೇ ಓಡಾಡಿದವು.

ನಮ್ಮದು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಊರು. ಮಾವ ಕಮ್ಮಾರರು, ಮನೆ ಮುಂದೆಯೇ ಕುಲುಮೆ. ಊರಿನವರಿಗೆ ಅವರು ಆಚಾರ್ರು. ನನ್ನ ಗಂಡ ಸುತ್ತಿಗೆ ಹಿಡಿಯದೆ ಲಗೇಜ್ ಆಟೋ ಹಿಡಿದ. ನಾನು ಜಗಲಿಯ ಮೇಲೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ಅತ್ತೆ ನಮ್ಮೆಲ್ಲರನ್ನೂ ಹೊಲಿಗೆ ಬಿಚ್ಚಿಹೋಗದ ಹಾಗೆ ನೋಡಿಕೊಳ್ಳುತ್ತಾರೆ.

ಮೊದಲ ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ಪಾಂಡವಪುರದಲ್ಲಿ ನನಗೆ ತವರುಮನೆ ಇದೆ, ತಾಯಿ ಇಲ್ಲ. ನಾನು ಇನ್ನೂ ಚಿಕ್ಕವಳಿದ್ದಾಗ ಅಮ್ಮ ನನ್ನ ತಮ್ಮನನ್ನು ಹೆತ್ತಳು. ಹೆತ್ತ ಮೇಲೆ ರಕ್ತ ನಿಲ್ಲಲಿಲ್ಲ. ತಿಥಿ ಕಳೆದ ಮೇಲೆ ಅಜ್ಜಿ ತೊಲೆಯ ಸಂದಿಗೆ ಕೈ ಹಾಕಿದರೆ ಕಬ್ಬಿಣದ ಮಾತ್ರೆಯ ಪಟ್ಟಿಗಳು ಸಿಕ್ಕಿದವು. ಒಂದನ್ನೂ ಒಡೆದಿರಲಿಲ್ಲ. ತಿಂದರೆ ವಾಂತಿ ಬರುತ್ತದೆ ಎಂದು ಅಮ್ಮ ಅಲ್ಲಿ ತುರುಕಿ ತುರುಕಿ ಇಟ್ಟಿದ್ದಳು. ಆ ಪಟ್ಟಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಾಗಾಗಿ ನಮ್ಮೂರಿನ ನರ್ಸಮ್ಮ ನನ್ನ ಬೆರಳು ಚುಚ್ಚಿ, "ರಕ್ತ ಕಮ್ಮಿ ಅದೆ ಕಣಮ್ಮ, ಹೆರಿಗೆ ಹೊತ್ಗೆ ಏರಿಸ್ಕೊಳ್ಳಲೇಬೇಕು, ಒಂದು ದಿನವೂ ಮಾತ್ರೆ ತಪ್ಪಿಸ್ಬೇಡ" ಎಂದಾಗ ನನಗೆ ಕಾಲಿನ ಕೆಳಗೆ ನೆಲ ಇರಲಿಲ್ಲ. ತಪ್ಪಿಸುವ ಮಾತೇ ಇಲ್ಲ ಎಂದು ಅಲ್ಲೇ ದೇವರಿಗೆ ಕೈ ಮುಗಿದೆ. ಆದರೆ ಮನೆಯಲ್ಲಿ ನಾನೊಬ್ಬಳೇ ಇರಲಿಲ್ಲವಲ್ಲ!

ಮ್ಯಾಗ್ನೆಟ್ಟಿನ ಪರೀಕ್ಷೆ

ಮೊದಲ ಪಟ್ಟಿ ಮನೆಗೆ ತಂದ ದಿನ ಮಾವ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಏನಿದು?"

"ಕಬ್ಬಿಣದ ಮಾತ್ರೆ ಮಾವ. ರಕ್ತ ಆಗೋಕೆ."

ಕಬ್ಬಿಣ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಾವ ನೆಟ್ಟಗೆ ಕೂತರು. ಈ ವಿಚಾರದಲ್ಲಿ ಅವರನ್ನು ಕೇಳದೆ ಊರಲ್ಲಿ ಯಾರೂ ಏನೂ ಕೊಳ್ಳುವುದಿಲ್ಲ. ಕುಡುಗೋಲಿಗೆ ಒಂದು ಕಬ್ಬಿಣ, ಕೊಡಲಿಗೆ ಒಂದು ಕಬ್ಬಿಣ. ಇನ್ನು ಸೊಸೆಗೆ ಯಾವ ಕಬ್ಬಿಣ ಎಂದು ಅವರು ಕೇಳದೇ ಇರುತ್ತಾರೆಯೇ? ಹಳೇ ಸ್ಪೀಕರಿನಿಂದ ಕಿತ್ತಿಟ್ಟುಕೊಂಡ ಒಂದು ಮ್ಯಾಗ್ನೆಟ್ಟು ಕುಲುಮೆಯಲ್ಲಿದೆ, ಅರ ಉಜ್ಜಿದಾಗ ಉದುರುವ ಕಬ್ಬಿಣದ ಪುಡಿ ಆಯುವುದಕ್ಕೆ. ಅದನ್ನು ತಂದು ಮಾತ್ರೆಯ ಮೇಲೆ ಹಿಡಿದರು. ಮಾತ್ರೆ ಕದಲಲಿಲ್ಲ. ತಿರುಗಿಸಿ ಹಿಡಿದರು. ಆಗಲೂ ಇಲ್ಲ. ಕಲ್ಲಿನಿಂದ ಪುಡಿ ಮಾಡಿ ಹಿಡಿದರು. ಒಂದು ಕಣವೂ ಏಳಲಿಲ್ಲ.

"ಇದ್ರಲ್ ಕಬ್ಬುಣ ಇಲ್ಲ ಕಣವ್ವ. ನಿನ್ನ ಯಾಮಾರ್ಸವ್ರೆ."

ಮಾತ್ರೆ ಸುಳ್ಳಾದರೆ ನನ್ನ ಗತಿಯೇನು? ಮಾವ ಹೆಗಲಿಗೆ ಟವೆಲ್ ಹಾಕಿಕೊಂಡು, ಒಂದು ಕೈಲಿ ಮ್ಯಾಗ್ನೆಟ್ಟು, ಇನ್ನೊಂದು ಕೈಲಿ ಪುಡಿಯ ಪೊಟ್ಟಣ ಹಿಡಿದು ನರ್ಸಮ್ಮನ ಹತ್ತಿರ ನಡೆದೇಬಿಟ್ಟರು. ಹಿಂದೆ ನಾನು. ಅಲ್ಲಿ ಮತ್ತೆ ಪರೀಕ್ಷೆ ಮಾಡಿ ತೋರಿಸಿದರು.

ನರ್ಸಮ್ಮ ನಗಲಿಲ್ಲ. "ಆಚಾರ್ರೇ, ಉಪ್ಪು ನೀರಲ್ಲಿ ಕರಗಿದ ಮೇಲೆ ಕಣ್ಣಿಗೆ ಕಾಣ್ತದಾ? ಇದೂ ಹಂಗೇ, ಬೇರೆದ್ರ ಜೊತೆ ಬೆರೆತು ಕೂತದೆ. ನಿಮ್ಮ ರಕ್ತದಲ್ಲೂ ಕಬ್ಬಿಣ ಅದೆ. ಎಲ್ಲಿ, ನಿಮ್ಮ ಕೈಗೆ ಮ್ಯಾಗ್ನೆಟ್ಟು ಹಿಡಿದು ನೋಡಿ, ಅಂಟ್ತದಾ?" ಎಂದರು.

ಮಾವ ಹಿಡಿದರು. ಮ್ಯಾಗ್ನೆಟ್ಟು ಟಕ್ ಎಂದು ಅಂಟಿಕೊಂಡಿತು. ಶನಿಕಾಟ ತಪ್ಪಲಿ ಎಂದು ಅವರು ಬೆರಳಿಗೆ ಹಾಕಿದ ಕುದುರೆ ಲಾಳದ ಉಂಗುರ ಅಲ್ಲಿತ್ತು. ನರ್ಸಮ್ಮ ಬಾಯಿ ತೆರೆಯುವ ಮೊದಲೇ ಮಾವ ಕೈಯೆತ್ತಿ ಸಾಲಿನಲ್ಲಿ ಕೂತಿದ್ದ ಬಸುರಿಯರಿಗೆಲ್ಲ ತೋರಿಸಿದರು.

"ನೋಡ್ರವ್ವ, ರಕ್ತ ಅಂದ್ರೆ ಇಂಗಿರ್ಬೇಕು!"

ಬಾನಿ ನೀರು

ಅಲ್ಲಿಗೆ ಮುಗಿಯಿತೆಂದುಕೊಂಡೆ. ಮಾರನೇ ಬೆಳಿಗ್ಗೆ ಮಾವ ಒಂದು ಚೊಂಬು ತಂದು ನನ್ನ ಮಿಷನ್ನಿನ ಪಕ್ಕ ಇಟ್ಟರು. ಅದರಲ್ಲಿ ಮಳೆಗಾಲದ ಕೊನೆಯ ಕೆರೆಯಂತೆ ಕಂದು ನೀರು.

ಕುಲುಮೆಯ ಮುಂದೆ ಒಂದು ಕಲ್ಲಿನ ಬಾನಿ ಇದೆ. ಕೆಂಪಗೆ ಕಾದ ಕುಡುಗೋಲನ್ನು ಹದಕ್ಕೆ ಅದ್ದುವುದು ಅದರಲ್ಲಿ. ಮಕ್ಕಳು ಬೆಚ್ಚಿಬಿದ್ದರೆ ಊರಿನವರು ಆ ನೀರನ್ನು ಒಂದು ಹನಿ ಕೇಳಿಕೊಂಡು ಹೋಗಿ ಮುಖಕ್ಕೆ ಚಿಮುಕಿಸುತ್ತಾರೆ. ನನಗೆ ಬಂದದ್ದು ಚೊಂಬುಗಟ್ಟಲೆ.

"ಇದು ಅಸ್ಸಲ್ ಕಬ್ಬುಣ ಇಳ್ದಿರೋ ನೀರು. ನಮ್ಮಪ್ಪನ ಕಾಲ್ದಿಂದ ಅದ್ದಿ ಅದ್ದಿ ಗಟ್ಟಿ ಆಗದೆ. ದಿನಾ ಕುಡಿ. ಆ ಕೆಂಪು ಮಾತ್ರೆನೂ ಬೇಕಾರೆ ತಿನ್ನು, ನಾನ್ ಬ್ಯಾಡ ಅನ್ನಾಕಿಲ್ಲ" ಎಂದರು ಮಾವ.

ಒಳಗಿನಿಂದ ಅತ್ತೆ, "ಅದ್ರಾಗೆ ನೀವು ಬೀಡಿ ಅದ್ದಿ ಆರ್ಸಿದ್ದೂ ಅದೆ" ಎಂದರು.

"ಸೋಸಿವ್ನಿ ಕಣೇ!" ಎಂದು ಮಾವ ಹೆಗಲ ಮೇಲಿನ ಟವೆಲ್ ತೋರಿಸಿದರು. ಆ ಟವೆಲ್ ನೋಡಿದ ಮೇಲೆ ಬಾನಿಯ ನೀರೇ ವಾಸಿ ಅನ್ನಿಸಿತು.

ಕುಡಿಯಲು ಭಯ, ಬೇಡವೆನ್ನಲು ಅದಕ್ಕಿಂತ ಭಯ. ಪ್ರೀತಿಯಿಂದ ತಂದ ಹಿರಿಯರಿಗೆ ಏನೆಂದು ಹೇಳುವುದು? "ಆಮೇಲೆ ಕುಡೀತೀನಿ ಮಾವ" ಎಂದು ಒಳಗೆ ಒಯ್ದು, ಹಿತ್ತಲಿನಲ್ಲಿ ಸೊರಗಿ ನಿಂತಿದ್ದ ನಿಂಬೆಗಿಡದ ಬುಡಕ್ಕೆ ಸುರಿದೆ. ಹೀಗೆಯೇ ದಿನವೂ ನಡೆಯಿತು. ಮಾವ ಕುಲುಮೆಗೆ ಬಂದವರಿಗೆಲ್ಲ, "ನಮ್ ಸೊಸೆ ಮುಖ ನೋಡಿ, ಎಂಗ್ ಕಳೆ ಬಂದದೆ! ಬಾನಿ ನೀರು ಕಣ್ಲಾ" ಎಂದು ಹೇಳತೊಡಗಿದರು. ಬಂದವರು ಕೊಡಲಿ ಕೆಳಗಿಟ್ಟು ನನ್ನ ಮುಖ ನೋಡಿ ಹೋಗುತ್ತಿದ್ದರು.

ಒಂದು ದಿನ ಅತ್ತೆ ಹಿತ್ತಲಿನಿಂದ ಕೂಗಿದರು.

"ಏನ್ರೀ, ಬನ್ನಿ ಇಲ್ಲಿ! ವರ್ಸಾನುವರ್ಸ ಮೊಗ್ಗು ಕಾಣದ ಗಿಡ ಮೈತುಂಬ ಹೂವು, ಈಚುಕಾಯಿ ಬುಟ್ಟದೆ! ನಿಮ್ ಬಾನಿ ನೀರಲ್ಲಿ ಬಸುರಾಗಿರೋದು ಸೊಸೆಯಲ್ಲ, ಈ ನಿಂಬೆಗಿಡ!"

ಒಳ್ಳೇದಂತೆ!

ಇದನ್ನು ಹೇಳಲು ನಾಚಿಕೆ. ಆದರೆ ಊರಿಗೆಲ್ಲ ಗೊತ್ತಿರುವುದನ್ನು ನಾನೊಬ್ಬಳು ಮುಚ್ಚಿಟ್ಟು ಏನು ಪ್ರಯೋಜನ?

ಮಾತ್ರೆ ಶುರುಮಾಡಿ ಸ್ವಲ್ಪ ದಿನವಾಗಿತ್ತು. ಬೆಳಿಗ್ಗೆ ಪಾಯಿಖಾನೆಗೆ ಹೋದವಳು ಕೆಳಗೆ ನೋಡಿದೆ. ಇದ್ದಿಲಿನ ಹಾಗೆ ಕರ್ರಗೆ. ನರ್ಸಮ್ಮ ಇದನ್ನೆಲ್ಲ ಮೊದಲೇ ಹೇಳಿದ್ದರಂತೆ. ಹೇಳಿರಬಹುದು, ರಕ್ತ ಕಮ್ಮಿ ಎಂದ ಮೇಲೆ ನನ್ನ ಕಿವಿಗೆ ಬೇರೇನೂ ಬಿದ್ದಿರಲಿಲ್ಲ. ಒಳಗೆ ಎಲ್ಲೋ ರಕ್ತ ಒಡೆದು ಕಪ್ಪಾಗಿ ಹೋಗುತ್ತಿದೆ, ಅಮ್ಮನ ಹಣೆಬರಹವೇ ನನ್ನದೂ ಎಂದು ಅಲ್ಲೇ ಗೋಡೆ ಹಿಡಿದು ನಿಂತೆ.

ನನ್ನ ಗಂಡ ಎಳನೀರಿನ ಲೋಡು ತುಂಬಿಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟು ನಿಂತಿದ್ದ. ನಾನು ಕಿವಿಯಲ್ಲಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ನನ್ನನ್ನು ಮುಂದೆ ಕೂರಿಸಿಕೊಂಡು, ಲೋಡು ಇಳಿಸದೆ, ಆಟೋವನ್ನು ಕೆ.ಆರ್. ಪೇಟೆ ಆಸ್ಪತ್ರೆಯ ಕಡೆಗೆ ತಿರುಗಿಸಿದ. ದಾರಿಯಲ್ಲಿ ಒಬ್ಬರು ಗದ್ದೆ ಬದುವಿನಿಂದ ಬಂದು ಅಡ್ಡ ಕೈ ಹಾಕಿದರು.

"ಎಳನೀರು ಎಂಗ್ ಕೊಟ್ಟೀಯಲಾ?"

"ದಾರಿ ಬುಡಣ್ಣ! ನನ್ ಹೆಂಡ್ತಿ ಸಾಯಂಗವ್ಳೆ!"

"ಅಯ್ಯೋ ಪಾಪ! ಅಂಗಾರೆ ಬಿರ್ರನೆ ಎರಡು ಇಳಿಸ್ಬುಟ್ ಓಗು."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಯಾವ ಬಣ್ಣ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ನೋಡೇ ಇರದ ನನ್ನ ಗಂಡ ಕಿಟಕಿಯಿಂದ ಆಟೋದ ಟಯರ್ ತೋರಿಸಿದ. ಡಾಕ್ಟರಮ್ಮ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ಹೊಟ್ಟೆ ಮುಟ್ಟಿ ನೋಡಿ, "ಹೆದರ್ಬೇಡ. ಕಬ್ಬಿಣದ ಮಾತ್ರೆ ತಿಂದ್ರೆ ಕಪ್ಪಗೇ ಹೋಗೋದು. ನೀನು ಸರಿಯಾಗಿ ತಿಂತಿದ್ದೀಯ ಅಂತ ಅರ್ಥ, ಒಳ್ಳೇದೇ. ಕೆಂಪಗೆ ರಕ್ತ ಕಂಡ್ರೆ, ಇಲ್ಲ ತಲೆ ಸುತ್ತಿ ಬಿದ್ರೆ ಮಾತ್ರ ಒಂದು ಕ್ಷಣ ನಿಲ್ಲದೆ ಬಂದ್ಬಿಡು" ಎಂದರು.

ನನಗೆ ಅಳುವೇ ಬಂತು. ಸಾಯುವುದಿಲ್ಲ ಎಂದು ಗೊತ್ತಾದರೂ ಅಳು ಬರುತ್ತದೆ ಎಂಬುದು ನನಗೆ ಆವತ್ತೇ ತಿಳಿದದ್ದು.

ವಾಪಸು ಬರುವ ಹೊತ್ತಿಗೆ ಊರಿಗೆ ಸುದ್ದಿ ಹಬ್ಬಿತ್ತು. ಅರಳಿಕಟ್ಟೆಯ ಮೇಲೆ ಗಂಡಸರೆಲ್ಲ ಸೇರಿದ್ದರು. "ಏನಾಯ್ತ್ಲಾ? ಏನಂದ್ರು?" ಎಂದು ಒಬ್ಬರು ಕೂಗಿದರು. ನಾನು ಬೇಡ ಬೇಡ ಎಂದು ತೋಳು ಚಿವುಟಿದೆ. ಸಂತೋಷದಲ್ಲಿ ತೇಲುತ್ತಿದ್ದ ನನ್ನ ಗಂಡ ಆಟೋದಿಂದ ತಲೆ ಹೊರಗೆ ಹಾಕಿ ಊರು ಹಾರುವಂತೆ ಕೂಗಿದ.

"ಏನೂ ಇಲ್ಲ ಕಣಣ್ಣ! ಕಪ್ಪಗ್ ಓಯ್ತಾ ಅದೆ! ಒಳ್ಳೇದಂತೆ!"

ಅವತ್ತಿನಿಂದ ಬೆಳಿಗ್ಗೆ ನಾನು ನೀರಿಗೆ ಕೊಡ ಹಿಡಿದು ಹೊರಟರೆ ಕಟ್ಟೆಯ ಮೇಲಿನ ಅಜ್ಜ ಕ್ಷೇಮ ಸಮಾಚಾರ ವಿಚಾರಿಸುತ್ತಿದ್ದರು.

"ಏನವ್ವ, ಇವತ್ತೂ ಒಳ್ಳೇದಾ?"

ಬಣ್ಣದ ವಿಚಾರ

ಹೀಗೆ ಕಪ್ಪಿನ ಸುದ್ದಿ ಹರಡಿದ್ದೇ ರವಿಕೆ ಹೊಲಿಸಲು ಬಂದವರೆಲ್ಲ ಬಣ್ಣದ ಪಂಡಿತರಾದರು. ಎದುರು ಮನೆಯ ಅಕ್ಕಸಾಲಿಗರ ಅಕ್ಕ ಜಗಲಿಯಲ್ಲಿ ಕೂತು ದನಿ ತಗ್ಗಿಸಿ ಹೇಳಿದಳು: "ಅದೇ ಕಪ್ಪಗ್ ಓಯ್ತದೆ ಅಂದ್ಮೇಲೆ ಕೂಸು ಬೆಳ್ಳಗ್ ಹುಟ್ಟದಾ? ಮಾತ್ರೆ ಬುಡು, ಹಾಲಿಗೆ ಕೇಸರಿ ಹಾಕ್ಕೊಂಡು ಕುಡಿ. ನಾನ್ ನಾಲ್ಕೂ ಬಸುರಿಗೂ ಕೇಸರೀನೇ ಕುಡ್ದಿದ್ದು."

ಅಷ್ಟರಲ್ಲಿ ಅವಳ ನಾಲ್ಕೂ ಮಕ್ಕಳು ಅವಳನ್ನು ಹುಡುಕಿಕೊಂಡು ಬಂದು ಸಾಲಾಗಿ ನಿಂತವು. ನಾನೂ ನೋಡಿದೆ, ಅವಳೂ ನೋಡಿದಳು. ನಾಲ್ಕೂ ನಮ್ಮ ಕುಲುಮೆಯ ಇದ್ದಿಲಿಗೆ ಸವಾಲು ಹಾಕುವ ಹಾಗಿದ್ದವು.

"ಇವ್ರು ಅವ್ರಪ್ಪನ ಕಡೆ ಕಣವ್ವ" ಎಂದು ಎದ್ದು ಹೋದಳು.

ಅತ್ತೆಗೆ ಬಂದ ಭಯ

ಅತ್ತೆಗೆ ಬಣ್ಣದ ಚಿಂತೆ ಇರಲಿಲ್ಲ. ಅವರ ಭಯ ಬೇರೆ. ಮಾತ್ರೆ ತಿಂದರೆ ಕೂಸು ದಪ್ಪವಾಗುತ್ತದೆ, ದಪ್ಪವಾದರೆ ಹೊಟ್ಟೆ ಕುಯ್ಯುತ್ತಾರೆ ಎಂದು ಯಾರೋ ಅವರ ತಲೆಗೆ ತುಂಬಿದ್ದರು. ನನ್ನ ಗಂಡನನ್ನು ಹೆರುವಾಗ ಅವರು ಪಟ್ಟ ಪಾಡು ಊರಿಗೇ ಕಥೆ. "ಇವನು ಉಟ್ವಾಗ ಎತ್ತಿನ ಗಾಡಿ ಚಕ್ರ ಉಟ್ದಂಗಾಯ್ತು" ಎಂದು ಈಗಲೂ ಹೇಳುತ್ತಾರೆ, ಅವನು ಎದುರಿಗೆ ಕೂತು ಉಣ್ಣುತ್ತಿರುವಾಗಲೇ.

ಒಂದು ಬೆಳಿಗ್ಗೆ ಮಾತ್ರೆ ತೆಗೆದುಕೊಳ್ಳಲು ಹೋದರೆ ಗೂಡಿನಲ್ಲಿ ಪಟ್ಟಿಗಳಿಲ್ಲ. ಹುಡುಕದ ಜಾಗವಿಲ್ಲ.

"ಅತ್ತೆ, ಮಾತ್ರೆ ನೋಡಿದ್ರಾ?"

"ಇಲಿ ಎತ್ಕೊಂಡ್ ಓಗಿರ್ಬೇಕು."

"ಯಾಕೆ, ಇಲಿಗೂ ರಕ್ತ ಕಮ್ಮಿನಾ?"

ಅತ್ತೆ ಮುಖ ಆ ಕಡೆ ತಿರುಗಿಸಿ ಸೊಪ್ಪು ಬಿಡಿಸತೊಡಗಿದರು. ನನಗೆ ಅರ್ಥವಾಯಿತು. ಸಿಟ್ಟು ಬರಬೇಕಾಗಿತ್ತು, ಬಂದದ್ದು ಹೆದರಿಕೆ. ಅಲ್ಲೇ ಅವರ ಎದುರು ಕೂತು ಪಾಂಡವಪುರದ ಮನೆಯ ತೊಲೆಯ ಸಂದಿಯ ಕಥೆ ಹೇಳಿದೆ. ಅಲ್ಲಿಯವರೆಗೆ ಈ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. "ಹೊಟ್ಟೆ ಕುಯ್ದ್ರೆ ಹೊಲೀತಾರೆ ಅತ್ತೆ. ರಕ್ತ ಇಲ್ದಿದ್ರೆ ಏನೂ ಮಾಡೋಕಾಗಲ್ಲ. ನಂಗೆ ಸಾಯೋಕೆ ಭಯ ಆಗ್ತದೆ" ಎಂದೆ.

ಅತ್ತೆ ಸೊಪ್ಪು ಕೆಳಗಿಟ್ಟರು. ಒಳಗೆ ಹೋಗಿ ರಾಗಿ ತುಂಬಿದ ಡ್ರಮ್ಮಿನೊಳಗೆ ಹೆಗಲ ಮಟ್ಟ ಕೈ ಇಳಿಸಿ ಪಟ್ಟಿಗಳನ್ನು ಒಂದೊಂದಾಗಿ ಹೊರಗೆಳೆದರು. ಸೆರಗಿನಲ್ಲಿ ಒರೆಸಿ ನನ್ನ ಮುಂದೆ ಹಿಡಿದಾಗ ಅವರ ಕಣ್ಣು ಒದ್ದೆಯಾಗಿತ್ತು.

"ದಪ್ಪನೇ ಉಟ್ಲಿ ಬುಡು ಮಗಾ. ಇನ್ಮ್ಯಾಲೆ ದಿನಾ ನನ್ ಕೈಯಾರ ನಾನೇ ಕೊಡ್ತೀನಿ."

ನನಗೆ ಎದೆ ತುಂಬಿ ಬಂತು. ಅವರ ಕೈಯನ್ನು ನಂಬಿದ್ದೇ ಮುಂದಿನ ಅನಾಹುತಕ್ಕೆ ಕಾರಣವಾಯಿತು.

ಮೊದಲನೇ ಮುದ್ದೆ

ಆ ಹೊತ್ತಿಗೆ ನನಗೆ ಇನ್ನೊಂದು ರೋಗ ಶುರುವಾಗಿತ್ತು. ಮಾತ್ರೆಯ ಕೆಂಪು ಕಣ್ಣಿಗೆ ಬಿದ್ದರೆ ಸಾಕು, ವಾಂತಿ. ನುಂಗಿದ್ದು ಹೊರಗೆ ಬಂದರೆ ಇನ್ನೊಂದು ನುಂಗುವ ಧೈರ್ಯವಿಲ್ಲ, ಸುಮ್ಮನಿರುವ ಧೈರ್ಯವಂತೂ ಇಲ್ಲ. ಅಮ್ಮ ಯಾಕೆ ತೊಲೆಯ ಸಂದಿ ಹುಡುಕಿದಳು ಎಂಬುದು ಆಗ ಅರ್ಥವಾಯಿತು.

ಅತ್ತೆ ಉಪಾಯ ಮಾಡಿದರು. "ಮುದ್ದೆ ಯಾರಾರೂ ಅಗೀತಾರಾ? ನುಂಗಾದ್ ತಾನೆ? ಮಾತ್ರೆನ ಮುದ್ದೆ ಒಳ್ಗೆ ಮಡಗ್ಬುಡ್ತೀನಿ. ನೀನು ನೋಡ್ಬ್ಯಾಡ, ಸಾರಲ್ಲಿ ಅದ್ದು, ನುಂಗು."

ಎಷ್ಟು ಸುಲಭ! ಅವತ್ತಿನಿಂದ ನಾನು ತಟ್ಟೆಯ ಕಡೆ ನೋಡದೆ, ಸೂರಿನ ಹೆಂಚು ನೋಡುತ್ತ ಮುದ್ದೆ ನುಂಗಿದೆ. ವಾಂತಿ ನಿಂತಿತು. ಕಪ್ಪು ಹೋಗುವುದೂ ನಿಂತಿತು. ದೇಹಕ್ಕೆ ರೂಢಿಯಾಗಿರಬೇಕು ಎಂದುಕೊಂಡೆ. ಕಟ್ಟೆಯ ಅಜ್ಜನಿಗೆ ಮಾತ್ರ ಸುಳ್ಳು ಹೇಳುತ್ತಿದ್ದೆ.

ಇತ್ತ ಮನೆಯಲ್ಲಿ ಮಾವ ಒಂದು ಥರಾ ಆದರು. ಕುಲುಮೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಜಗಳವಾಡಿದವರ ಮನೆಗಳಿಗೆ ತಾವಾಗಿಯೇ ಹೋಗಿ ಮಾತಾಡಿಸಿ ಬಂದರು. ಒಂದು ದಿನ ಮಗನನ್ನು ಕರೆದು, "ಕಬ್ಬುಣ ಬಡಿಯೋ ಅಡಿಗಲ್ಲು ಮಾತ್ರ ಮಾರ್ಬ್ಯಾಡ ಕಣ್ಲಾ, ನಮ್ಮಪ್ಪಂದು" ಎಂದರು. ನನ್ನ ಗಂಡ, "ಯಾರ್ ಮಾರ್ತಾ ಅವ್ರೆ?" ಎಂದು ಗೊಣಗಿಕೊಂಡು ಆಟೋ ಹತ್ತಿದ. ಊಟಕ್ಕೆ ಕೂತಾಗಲೂ ಅದೇ ದೂರು: "ರಾಗಿಯಾಗೆ ಕಲ್ಲು ಅದೆ ಕಣೇ, ಸರ್ಯಾಗಿ ಕೇರ್ಬಾರ್ದಾ?" ಅತ್ತೆ, "ಕಣ್ಣು ಮಂಜಾದ್ರೂ ಕಲ್ಲು ಬುಡೋಳಲ್ಲ ನಾನು" ಎಂದು ಜಗಳಕ್ಕೆ ನಿಲ್ಲುತ್ತಿದ್ದರು.

ಎಂಟನೇ ತಿಂಗಳಲ್ಲಿ ನರ್ಸಮ್ಮ ಮನೆಗೇ ಬಂದು ಬೆರಳು ಚುಚ್ಚಿದರು. ನೋಡಿದವರ ಮುಖ ಬಿಗಿಯಿತು.

"ಏನಮ್ಮ ಇದು? ಏರೋದಿರ್ಲಿ, ಇನ್ನೂ ಇಳಿದದೆ! ಮಾತ್ರೆ ತಿಂತಿಲ್ವಾ?"

ಒಂದು ದಿನವೂ ತಪ್ಪಿಸದೆ ತಿಂದೂ ಹೀಗಾದರೆ ಇನ್ನು ನನ್ನನ್ನು ಉಳಿಸುವುದು ಏನು? "ತಿಂತಿದ್ದೀನಿ ಅಕ್ಕ, ಅಮ್ಮನಾಣೆ" ಎಂದೆ. ಅತ್ತೆ ದೇವರ ಗೂಡಿನ ಮೇಲೆ ಕೈಯಿಟ್ಟು, "ದಿನಾ ನಾನೇ ಕೊಟ್ಟಿವ್ನಿ, ನನ್ ಕೈ ಸೇದೋಗ್ಲಿ ಸುಳ್ಳಾಡಿದ್ರೆ" ಎಂದರು.

ನರ್ಸಮ್ಮ ನನ್ನನ್ನು ನೇರವಾಗಿ ನೋಡಿದರು. "ಕಪ್ಪಗೆ ಹೋಗ್ತಾ ಅದಾ?"

"ಇಲ್ಲ."

"ಹಂಗಾದ್ರೆ ಮಾತ್ರೆ ನಿನ್ನ ಹೊಟ್ಟೆಗೆ ಹೋಗ್ತಿಲ್ಲ. ಎಲ್ಲಿಗೆ ಹೋಗ್ತಾ ಅದೆ ಹೇಳಿ."

ಆಗ ಮೂಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ ಮಾವ ನಿಧಾನವಾಗಿ ಕೈ ಎತ್ತಿದರು.

"ನರ್ಸಮ್ಮ, ನಂಗ್ ಓಯ್ತಾ ಅದೆ."

ಮೊದಲು ಹೊಳೆದದ್ದು ಅತ್ತೆಗೆ. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕುಸಿದು ಕೂತರು. ಮರೆತುಹೋಗಬಾರದು ಎಂದು ಅವರು ಮಾತ್ರೆಯನ್ನು ಮೊದಲನೇ ಮುದ್ದೆಗೇ ಇಡುತ್ತಿದ್ದರು. ಮೊದಲನೇ ಮುದ್ದೆ ಹೋಗುವುದು ಯಜಮಾನರ ತಟ್ಟೆಗೆ. ಮದುವೆಯಾಗಿ ಬಂದ ದಿನದಿಂದ ಅವರ ಕೈ ಬೇರೆ ದಾರಿ ಹಿಡಿದದ್ದೇ ಇಲ್ಲ. "ಮೊದಲ್ನೇದು ಸೊಸೇದು, ಮೊದಲ್ನೇದು ಸೊಸೇದು" ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಕೈ ಅದನ್ನು ಗಂಡನಿಗೆ ಬಡಿಸುತ್ತಿತ್ತು.

ನರ್ಸಮ್ಮ ನಗುವುದೋ ಬಯ್ಯುವುದೋ ತಿಳಿಯದೆ ಎರಡನ್ನೂ ಮಾಡಿದರು. ಮಾತ್ರೆಯನ್ನು ರಾಗಿ, ಹಾಲು, ಟೀ ಜೊತೆ ಕೊಡಲೇಬಾರದು, ನಿಂಬೆಹಣ್ಣಿನ ಪಾನಕದಲ್ಲಿ ನುಂಗಬೇಕು, ಅದೂ ಬಸುರಿಯೇ ನುಂಗಬೇಕು ಎಂದು ಒತ್ತಿ ಹೇಳಿದರು. ನಾಳೆಯೇ ಕೆ.ಆರ್. ಪೇಟೆಗೆ ಹೋಗಿ ಕಬ್ಬಿಣದ ಡ್ರಿಪ್ ಹಾಕಿಸಿಕೊಳ್ಳಬೇಕು, ಹೆರಿಗೆ ಮಂಡ್ಯದ ದೊಡ್ಡಾಸ್ಪತ್ರೆಯಲ್ಲೇ ಆಗಬೇಕು ಎಂದೂ ಹೇಳಿದರು.

ಮಾವ ಮಾತ್ರ ಇನ್ನೂ ಕಂಬ ಬಿಟ್ಟಿರಲಿಲ್ಲ. ಇಷ್ಟು ದಿನ ಯಾರಿಗೂ ಹೇಳದೆ ಒಬ್ಬರೇ ಸಾಯಲು ತಯಾರಾಗುತ್ತಿದ್ದ ಮನುಷ್ಯ.

"ಯಾಕ್ರೀ ಬಾಯ್ ಬುಡ್ಲಿಲ್ಲ?" ಎಂದು ಅತ್ತೆ ಅಳುತ್ತ ಕೇಳಿದರು.

"ಎಂಗ್ ಬುಡ್ಲಿ? ಬಸುರಿಗ್ ಅಂಗಾದ್ರೆ ಒಳ್ಳೇದಂತೆ ಅಂತ ನಿನ್ ಮಗ ಊರೆಲ್ಲ ಕೂಗವ್ನೆ. ನಂಗೂ ಅಂಗೇ ಆಯ್ತಾ ಅದೆ ಅಂದ್ರೆ ಜನ ಏನ್ ತಿಳ್ಕೊತಾರೆ?"

ರಕ್ತ ಕೊಡುವ ಕೋಣೆ

ಆಮೇಲಿನ ದಿನಗಳಲ್ಲಿ ನಾನು ಹೆದರಿದಷ್ಟು ಯಾವತ್ತೂ ಹೆದರಿಲ್ಲ. ಡ್ರಿಪ್ ಹಾಕಿಸಿಕೊಂಡೆ. ಮನೆಯವರೆಲ್ಲ ಸುತ್ತ ನಿಂತು ನನ್ನ ಗಂಟಲನ್ನೇ ನೋಡುತ್ತಿದ್ದರು, ನಾನು ಪಾನಕದಲ್ಲಿ ಮಾತ್ರೆ ನುಂಗುತ್ತಿದ್ದೆ. ನುಂಗಿದ ಮೇಲೆ ಅತ್ತೆ, "ಆ ಅನ್ನು" ಎಂದು ಬಾಯಿ ತೆರೆಸಿ ನೋಡುತ್ತಿದ್ದರು. ರಕ್ತ ಏರಿತು. ಬೇಕಾದಷ್ಟಲ್ಲ, ಆದರೂ ಏರಿತು.

ನೋವು ಬಂದಾಗ ಮಂಡ್ಯಕ್ಕೆ ಹೋದೆವು. ಹೆಣ್ಣು ಮಗು ಹುಟ್ಟಿತು. ಅತ್ತೆ ಹೆದರಿದಂತೆ ಗಾಡಿ ಚಕ್ರವೇನಲ್ಲ. ಹೊಟ್ಟೆ ಕುಯ್ಯಲೂ ಇಲ್ಲ. ಮಗು ಅಳುವುದು ಕೇಳಿಸಿತು. ಅದಾದ ಮೇಲೆ ರಕ್ತ ಹೋಗುವುದು ನಿಲ್ಲಲಿಲ್ಲ.

ಸುತ್ತಲಿದ್ದವರ ಮಾತು ಗಡಿಬಿಡಿಯಾಯಿತು. ಯಾರೋ ಹೊಟ್ಟೆ ಒತ್ತಿ ಹಿಡಿದರು, ಯಾರೋ ಸೂಜಿ ಚುಚ್ಚಿದರು. ನನ್ನ ಕಾಲು ತಣ್ಣಗಾಗುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ಅಮ್ಮನಿಗೂ ಹೀಗೇ ಗೊತ್ತಾಗಿತ್ತೇ ಎಂದು ಯೋಚನೆ ಬಂತು. ಈ ಮಗು ನನ್ನ ಮುಖವನ್ನೇ ನೋಡದೆ ಬೆಳೆಯುತ್ತದೆ ಎಂದು ಹೆದರಿದೆ. ಬಾಯಿಬಿಟ್ಟು ಕೂಗಿದೆನೋ, ಮನಸ್ಸಲ್ಲೇ ಕೂಗಿದೆನೋ ತಿಳಿಯದು.

ರಕ್ತ ನಿಂತಿತು. ಬಾಟಲಿಯ ರಕ್ತ ಹನಿಹನಿಯಾಗಿ ನನ್ನೊಳಗೆ ಇಳಿಯತೊಡಗಿತು. ಡಾಕ್ಟರು ನನ್ನ ಕೆನ್ನೆ ತಟ್ಟಿ, "ಎಂಟನೇ ತಿಂಗಳಲ್ಲಿದ್ದಷ್ಟೇ ಇದ್ದಿದ್ರೆ ನಮ್ಮ ಕೈಲಿ ಆಗ್ತಿರಲಿಲ್ಲ ಕಣಮ್ಮ. ಏರಿಸ್ಕೊಂಡು ಬಂದೆ, ಉಳ್ಕೊಂಡೆ" ಎಂದರು. ನಾನು ಮಗು ಎಲ್ಲಿ ಎಂದು ಕೇಳಿದೆ. ಪಕ್ಕದಲ್ಲೇ ಇತ್ತು.

ಹೊರಗೆ ನಡೆದದ್ದನ್ನು ಮಾರನೇ ದಿನ ಅತ್ತೆ ಹಾಸಿಗೆಯ ಪಕ್ಕ ಕೂತು ಹೇಳಿದರು. ನನಗೆ ಕೊಟ್ಟ ರಕ್ತಕ್ಕೆ ಬದಲಾಗಿ ಮನೆಯವರು ಯಾರಾದರೂ ರಕ್ತ ಕೊಟ್ಟರೆ ಇನ್ನೊಬ್ಬರಿಗೆ ಆಗುತ್ತದೆ ಎಂದರಂತೆ. ನನ್ನ ಗಂಡ ಕೊಟ್ಟ. ಇನ್ನೊಬ್ಬರು ಇದ್ದರೆ ಒಳ್ಳೆಯದು ಎಂದರು. ಎಲ್ಲರೂ ಮಾವನ ಕಡೆ ನೋಡಿದರು. ಅರವತ್ತು ತುಂಬಿಲ್ಲ, ಕಲ್ಲಿನಂಥ ಆಳು. ಕಾದ ಕಿಡಿ ಕೈಮೇಲೆ ಬಿದ್ದರೂ ಉಫ್ ಎಂದು ಊದಿ ಮತ್ತೆ ಸುತ್ತಿಗೆ ಎತ್ತುವವರು. ಆದರೆ ಸೂಜಿ ಎಂದರೆ ಎಳೇ ಮಕ್ಕಳಿಗಿಂತ ಕಡೆ. ಅವರ ಮುಖ ಬೂದಿ ಬಡಿದಂತಾಯಿತು. "ಬಂದೆ, ಒಸಿ ಇರಿ" ಎಂದು ಎದ್ದು ಹೊರಗೆ ಹೋದರು. ಓಡಿಹೋದರು ಎಂದೇ ಅತ್ತೆ ತಿಳಿದರು.

ಸ್ವಲ್ಪ ಹೊತ್ತಿಗೆ ಮುಖ ತೊಳೆದು, ತಲೆಗೆ ನೀರು ಹಚ್ಚಿ ಬಾಚಿ, ಹಣೆಗೆ ವಿಭೂತಿ ಬಳಿದುಕೊಂಡು ಬಂದರಂತೆ. ಯಾರನ್ನೂ ಮಾತಾಡಿಸದೆ ನೇರ ರಕ್ತ ಕೊಡುವ ಕೋಣೆಗೆ ಹೋಗಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಮಂಚದ ಮೇಲೆ ಮಲಗಿ ತೋಳು ಚಾಚಿದರು.

ಮೊದಲು ಬೆರಳಿನಿಂದ ಒಂದು ಹನಿ ತೆಗೆದು ಪರೀಕ್ಷೆ ಮಾಡಿದ ಹುಡುಗಿ ಆಶ್ಚರ್ಯದಿಂದ, "ಅಬ್ಬಾ! ಈ ವಯಸ್ಸಲ್ಲಿ ಇಷ್ಟು ಒಳ್ಳೇ ರಕ್ತ! ಏನು ತಿಂತೀರಾ ಯಜಮಾನ್ರೇ?" ಎಂದಳಂತೆ.

ಮಾವ ಕಣ್ಣು ತೆರೆಯದೆಯೇ ಹೇಳಿದರಂತೆ:

"ಇದು ನಂದಲ್ಲ ಕಣವ್ವ, ನನ್ ಸೊಸೇದು. ತಿಳೀದೆ ತಿಂದ್ಬುಟ್ಟಿದ್ದೆ. ಒಸಿ ಜಾಸ್ತಿನೇ ತಕ್ಕೊ."